ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ದಾರಿ ಬದಲಾಯಿಸ್ಬೇಕಾ? ಮೊದ್ಲು ಒಂದೇ ಒಂದು ಕ್ಲಾಸ್ ತಗೊಳ್ಳಿ

ಹೊಸದಾಗಿ ಬಂದೋರು ಯಾರೇ ಸಿಕ್ಲಿ, ಸ್ವಲ್ಪ ಹೊತ್ತು ಮಾತಾಡಿದ್ಮೇಲೆ ಇದೇ ಪ್ರಶ್ನೆ ಬರತ್ತೆ, "ಅಕ್ಕ, ಅಲ್ಲಿ ಕೆಲಸ ಬಿಟ್ಟು ಬಂದೆ, ಇಲ್ಲಿ ಎಚ್-4ನಲ್ಲಿ ಸುಮ್ನೆ ಮನೇಲಿದೀನಿ, ಒಂದು ಎಂಎಸ್ ಮಾಡ್ಬಿಡ್ಲಾ?" ಅಂತ. (ಎಚ್-4 ಅಂದ್ರೆ ಎಚ್-1ಬಿ ಕೆಲಸದ ವೀಸಾದಲ್ಲಿ ಇರೋರ ಗಂಡ ಅಥವಾ ಹೆಂಡತಿಗೆ ಸಿಗೋ ವೀಸಾ.) ಎಂಎಸ್ ಕಥೆ ಆಮೇಲೆ ನೋಡೋಣ ಕಣ್ರೀ, ಮೊದ್ಲು ಹತ್ರದ ಕಮ್ಯುನಿಟಿ ಕಾಲೇಜಲ್ಲಿ (ಕಡಿಮೆ ಫೀಸಿನ ಸರ್ಕಾರಿ ಕಾಲೇಜು) ಒಂದೇ ಒಂದು ಕ್ಲಾಸ್ ತಗೊಳ್ಳಿ. ಆ ವಿಷಯ ನಿಮಗೆ ಹಿಡಿಸತ್ತಾ, ಸಂಜೆ ಹೊತ್ತು ಮಕ್ಕಳನ್ನ ಯಾರು ನೋಡ್ಕೋತಾರೆ, ಹೋಮ್‌ವರ್ಕ್‌ಗೆ ಟೈಮ್ ಸಿಗತ್ತಾ, ಎಲ್ಲಾ ಒಂದು ಸೆಮಿಸ್ಟರಲ್ಲಿ ಗೊತ್ತಾಗ್ಬಿಡತ್ತೆ. ಹತ್ತಾರು ಸಾವಿರ ಡಾಲರ್ ಸುರಿದ್ಮೇಲೆ ಗೊತ್ತಾದ್ರೆ ಏನ್ ಪ್ರಯೋಜನ?

ಎಚ್-4ನಲ್ಲಿ ಇರೋರು ಓದೋಕೆ ಎಫ್-1 (ಸ್ಟೂಡೆಂಟ್) ವೀಸಾ ಮಾಡಿಸ್ಬೇಕು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಬೇಕಾಗಿಲ್ಲ. ಪಾರ್ಟ್ ಟೈಮ್, ಫುಲ್ ಟೈಮ್ ಎರಡೂ ಓದ್ಬಹುದು, ಎಚ್-1ಬಿ ಅವರೂ ಕೆಲಸ ಮಾಡ್ಕೊಂಡೇ ಓದ್ಬಹುದು. ಎಫ್-1ಗೆ ಹೋಗೋದ್ರಲ್ಲಿ ಇರೋ ಲಾಭ ಅಂದ್ರೆ ಡಿಗ್ರಿ ಮುಗಿದ್ಮೇಲೆ ಒಪಿಟಿ ಅಂತ 12 ತಿಂಗಳು, ಸ್ಟೆಮ್ (ವಿಜ್ಞಾನ, ಟೆಕ್ನಾಲಜಿ, ಇಂಜಿನಿಯರಿಂಗ್, ಗಣಿತ) ಡಿಗ್ರಿ ಆದ್ರೆ ಇನ್ನೂ 24 ತಿಂಗಳು ಕೆಲಸ ಮಾಡೋಕೆ ಪರ್ಮಿಷನ್ ಸಿಗತ್ತೆ. ಆದ್ರೆ ಎಫ್-1 ಆದ ತಕ್ಷಣ ಫೀಸು ನಾನ್-ರೆಸಿಡೆಂಟ್ (ರಾಜ್ಯದ ಹೊರಗಿನೋರು ಕಟ್ಟೋ, ಜಾಸ್ತಿ ಫೀಸಿನ) ಲೆಕ್ಕಕ್ಕೆ ಹೋಗತ್ತೆ, ಇದನ್ನ ಯಾರೂ ಮುಂಚೆ ಹೇಳಲ್ಲ. ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿದ್ರೆ ಎಚ್-4 ಇಎಡಿಗೆ (ಕೆಲಸ ಮಾಡೋಕೆ ಕೊಡೋ ಪರ್ಮಿಟ್) ಹಾಕ್ಬಹುದು, 2015ರಿಂದ ಅದು ಇದೆ, ಅಂಥೋರು ಎಫ್-1 ತಂಟೆಗೇ ಹೋಗೋದು ಬೇಡ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಇಎಡಿ ಇಲ್ದೆ "ಫ್ರೀಯಾಗಿ ಕೆಲಸ ಮಾಡ್ಕೊಡ್ತೀನಿ, ಎಕ್ಸ್‌ಪೀರಿಯನ್ಸ್ ಸಿಕ್ರೆ ಸಾಕು" ಅಂತ ಕಂಪನಿಗಳಿಗೆ ಹೋಗ್ಬೇಡಿ, ಬೇರೆಯೋರಿಗೆ ಸಂಬಳ ಕೊಟ್ಟು ಮಾಡಿಸೋ ಕೆಲಸನ ನೀವು ಬಿಟ್ಟಿ ಮಾಡಿದ್ರೂ ವೀಸಾಗೆ ತೊಂದ್ರೆ.

ಈಗ ದುಡ್ಡಿನ ವಿಷಯ. ಇಲ್ಲಿನ ಕಮ್ಯುನಿಟಿ ಕಾಲೇಜಲ್ಲಿ ರೆಸಿಡೆಂಟ್‌ಗಳಿಗೆ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್, ಸಾಮಾನ್ಯವಾಗಿ ಒಂದು ಕ್ಲಾಸು 3 ಯೂನಿಟ್, ಅಂದ್ರೆ 138 ಡಾಲರ್, ಅದರ ಮೇಲೆ ಹೆಲ್ತ್ ಫೀ, ಪಾರ್ಕಿಂಗ್, ಪುಸ್ತಕ (ಕೆಲವು ಸಲ ಪುಸ್ತಕವೇ ಫೀಸಿಗಿಂತ ಜಾಸ್ತಿ ಆಗತ್ತೆ, ಹಳೇ ಎಡಿಷನ್ ನಡಿಯತ್ತಾ ಅಂತ ಪ್ರೊಫೆಸರ್‌ಗೇ ಈಮೇಲ್ ಮಾಡಿ ಕೇಳಿ). ಆದ್ರೆ ರೆಸಿಡೆಂಟ್ ಅನ್ನಿಸ್ಕೊಳ್ಳೋಕೆ ಸೆಮಿಸ್ಟರ್ ಶುರುವಾಗೋ ಮುಂಚೆ ಒಂದು ವರ್ಷ ಒಂದು ದಿನ ಈ ರಾಜ್ಯದಲ್ಲಿ ಇರ್ಬೇಕು, ಅದಕ್ಕೆ ಪುರಾವೆನೂ ಬೇಕು, ಹಂಗಾಗಿ ಬಂದ ದಿನದಿಂದಲೇ ಬಾಡಿಗೆ ಅಗ್ರಿಮೆಂಟಲ್ಲಿ ನಿಮ್ಮ ಹೆಸರೂ ಸೇರಿಸಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸ್ಕೊಳ್ಳಿ, ಬ್ಯಾಂಕ್ ಪೇಪರ್ ಎಲ್ಲಾ ಇಟ್ಕೊಳ್ಳಿ. ಮೊದಲ ವರ್ಷ ಸುಮ್ನೆ ಕೂರ್ಬೇಕು ಅಂತಲ್ಲ, ಅಡಲ್ಟ್ ಸ್ಕೂಲ್‌ಗಳಲ್ಲಿ ಇಂಗ್ಲಿಷ್ ಕ್ಲಾಸ್ ಹೆಚ್ಚಾಗಿ ಫ್ರೀ, ಲೈಬ್ರರಿ ಕಾರ್ಡ್ ಇದ್ರೆ ಎಷ್ಟೋ ಕಡೆ ಆನ್‌ಲೈನ್ ಕೋರ್ಸ್‌ಗಳೂ ಫ್ರೀ. ಸರ್ಕಾರದ ಫೈನಾನ್ಷಿಯಲ್ ಏಡ್ ಮಾತ್ರ ಎಚ್ ವೀಸಾದೋರಿಗೆ ಇಲ್ಲ, ಗ್ರೀನ್ ಕಾರ್ಡ್ ಬಂದ್ಮೇಲೆ ನೋಡ್ಬೇಕು. ಕೆಲಸದಲ್ಲಿ ಇರೋರು ಎಚ್ಆರ್ ಹತ್ರ ಕೇಳಿ, ಕಂಪನಿ ವರ್ಷಕ್ಕೆ 5,250 ಡಾಲರ್ ವರೆಗೂ ಓದೋಕೆ ಕೊಟ್ರೆ ಅದಕ್ಕೆ ಟ್ಯಾಕ್ಸ್ ಇಲ್ಲ. ಕೈಯಿಂದ ಕಟ್ಟಿದ್ರೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ ಟ್ಯಾಕ್ಸ್ ರಿಯಾಯ್ತಿ ಇದೆ, ಮೊದಲ 10,000 ಡಾಲರ್‌ಗೆ 20%, ಅಂದ್ರೆ ಹೆಚ್ಚಂದ್ರೆ 2,000, ಆದಾಯದ ಮಿತಿ ಇರತ್ತೆ, ಟ್ಯಾಕ್ಸ್ ಫೈಲ್ ಮಾಡೋ ಮುಂಚೆ ವಿಚಾರಿಸ್ಕೊಳ್ಳಿ.

ಒಂದು ಕ್ಲಾಸ್‌ಗೆ ಸಾಮಾನ್ಯವಾಗಿ ಹಳೇ ಮಾರ್ಕ್ಸ್ ಕಾರ್ಡ್ ಏನೂ ಬೇಡ. ಡಿಗ್ರಿಗೋ ಲೈಸೆನ್ಸ್‌ಗೋ ಹೋಗೋವಾಗ ಇವ್ಯಾಲ್ಯುಯೇಷನ್ (ನಮ್ಮ ಓದು ಇಲ್ಲಿನ ಯಾವ ಡಿಗ್ರಿಗೆ ಸಮ ಅಂತ ಏಜೆನ್ಸಿ ಕೊಡೋ ರಿಪೋರ್ಟ್) ಬೇಕಾಗತ್ತೆ, ಅಲ್ಲಿ ನಾನು ಎಡವಿದ್ದು. ಮಾರ್ಕ್ಸ್ ಕಾರ್ಡ್ ಹಾಕಿ ಸೀಲ್ ಮಾಡಿದ ಕವರ್, ಅಂಟಿಸಿದ ಜಾಗದ ಮೇಲೆ ಯೂನಿವರ್ಸಿಟಿಯ ಸಹಿ, ಮುದ್ರೆ ಎರಡೂ ಇರ್ಬೇಕಿತ್ತು. ನನ್ನ ತಮ್ಮ ಪಾಪ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ನಾಲ್ಕು ಸಲ ಅಲೆದ, ಕೊನೆಗೆ ಕವರ್ ಸಿಕ್ತು, ಅವನು ಮನೆಗೆ ಬಂದು "ಸರಿಯಾಗಿದೆಯಾ ನೋಡ್ತೀನಿ" ಅಂತ ಒಡೆದು ನೋಡ್ದ! ಮತ್ತೆ ಮೊದಲಿಂದ. ಆದ್ರಿಂದ ಊರಿಂದ ಹೊರಡೋ ಮುಂಚೆಯೇ ಎರಡು ಮೂರು ಸೀಲ್ಡ್ ಕವರ್ ಮಾಡಿಸಿ ಇಟ್ಕೊಂಡಿರಿ, ಕೆಲವು ಏಜೆನ್ಸಿಗೆ ಯೂನಿವರ್ಸಿಟಿಯೇ ನೇರ ಕಳಿಸ್ಬೇಕು, ಅದನ್ನೂ ನೋಡ್ಕೊಳ್ಳಿ. ನಮ್ಮ 3 ವರ್ಷದ ಬಿಎಸ್ಸಿ, ಬಿಕಾಂನ ಕೆಲವು ಏಜೆನ್ಸಿ ಪೂರ್ತಿ ಬ್ಯಾಚುಲರ್ಸ್ ಅಂತ ಒಪ್ಪತ್ತೆ, ಕೆಲವು ಒಪ್ಪಲ್ಲ. ಟೀಚಿಂಗೋ ನರ್ಸಿಂಗೋ ಅಕೌಂಟೆನ್ಸಿಯೋ, ಲೈಸೆನ್ಸ್ ಕೊಡೋ ಬೋರ್ಡ್ ಯಾವ ಏಜೆನ್ಸಿಯ ರಿಪೋರ್ಟ್ ತಗೊಳ್ಳತ್ತೆ ಅಂತ ಕೇಳಿ ಆಮೇಲೆ ದುಡ್ಡು ಕಟ್ಟಿ, ಕೋರ್ಸ್-ಬೈ-ಕೋರ್ಸ್ (ಒಂದೊಂದು ವಿಷಯಕ್ಕೂ ಬೇರೆ ಬೇರೆ ತೋರಿಸೋ) ರಿಪೋರ್ಟೇ ಮಾಡಿಸಿ.

ಬೂಟ್‌ಕ್ಯಾಂಪ್ (ಕೋಡಿಂಗ್ ಥರದ್ದನ್ನ ಕೆಲವೇ ತಿಂಗಳಲ್ಲಿ ಕಲಿಸೋ ಕೋರ್ಸ್) ಬಗ್ಗೆ ತುಂಬಾ ಹೇಳಲ್ಲ. ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಅಂದ್ರೆ ರೀಫಂಡ್ ಷರತ್ತು ಓದಿ, ಅಷ್ಟೇ.

ಕ್ಲಾಸ್ ಹಿಡಿಸ್ಲಿಲ್ಲ ಅಂದ್ರೆ ಸುಮ್ನೆ ಹೋಗೋದು ನಿಲ್ಲಿಸ್ಬೇಡಿ, ಡ್ರಾಪ್ ಮಾಡಿ. ಡ್ರಾಪ್‌ಗೆ ಸಾಮಾನ್ಯವಾಗಿ ಎರಡು ತಾರೀಕು ಮುಖ್ಯ, ಮೊದಲನೇದರ ಒಳಗೆ ಬಿಟ್ರೆ ದುಡ್ಡು ವಾಪಸ್, ಎರಡನೇದರ ಒಳಗೆ ಬಿಟ್ರೆ ಟ್ರಾನ್ಸ್‌ಕ್ರಿಪ್ಟಲ್ಲಿ ಡಬ್ಲ್ಯೂ (ವಿತ್‌ಡ್ರಾ, ಅಂದ್ರೆ ಮಧ್ಯೆ ಬಿಟ್ರು) ಅಂತ ಬೀಳತ್ತೆ, ಅದೂ ದಾಟಿದ್ರೆ ಎಫ್ (ಫೇಲ್) ಗ್ರೇಡ್ ಬರತ್ತೆ, ಆ ಎಫ್ ಮುಂದೆ ಎಂಎಸ್‌ಗೆ ಹಾಕುವಾಗ ಎದುರಿಗೆ ಬಂದು ನಿಲ್ಲತ್ತೆ. ನನ್ನ ಪರಿಚಯದೋರೊಬ್ರಿಗೆ ಹಿಂಗೇ ಆಯ್ತು.

ಸೀಟ್ ಫುಲ್ ಅಂತ ತೋರಿಸಿದ್ರೆ ವೇಟ್‌ಲಿಸ್ಟಲ್ಲಿ ಹೆಸರು ಹಾಕಿ, ಮೊದಲ ದಿನ ತಪ್ಪದೆ ಹೋಗಿ. ನನಗೆ 36 ವರ್ಷ ಆಗಿತ್ತು ಅಕೌಂಟಿಂಗ್ ಕ್ಲಾಸ್‌ಗೆ ಹೋದಾಗ, ವೇಟ್‌ಲಿಸ್ಟಲ್ಲಿ ಆರನೇ ನಂಬರು. ಪ್ರೊಫೆಸರ್ ಒಳಗೆ ಬಂದ ತಕ್ಷಣ ಅಭ್ಯಾಸಬಲದಿಂದ ಎದ್ದು ನಿಂತ್ಬಿಟ್ಟೆ, ಇಡೀ ಕ್ಲಾಸಲ್ಲಿ ನಾನೊಬ್ಬಳೇ! ಅವರು ನನಗೆ ಏನೋ ಪ್ರಶ್ನೆ ಇದೆ ಅಂದ್ಕೊಂಡು "ಯೆಸ್?" ಅಂದ್ರು, ನಾನೂ ಹೆಂಗಿದ್ರೂ ನಿಂತಾಗಿದೆ ಅಂತ ಆಡ್ ಕೋಡ್ (ಸೀಟ್ ಫುಲ್ ಆದ್ಮೇಲೂ ಕ್ಲಾಸ್ ಸೇರೋಕೆ ಪ್ರೊಫೆಸರ್ ಕೊಡೋ ನಂಬರ್) ಸಿಗತ್ತಾ ಅಂತ ಕೇಳೇಬಿಟ್ಟೆ. ಹಾಜರಿ ತಗೊಂಡಾಗ ಎಂಟು ಜನ ಬಂದೇ ಇರ್ಲಿಲ್ಲ, ಕ್ಲಾಸ್ ಮುಗಿದ್ಮೇಲೆ ಒಂದು ಚೀಟಿಲಿ ನಂಬರ್ ಬರೆದು ಕೊಟ್ರು.