ವೀಸಾ ಯಾವುದು ಎಂದು ಕೇಳುವ ಮೊದಲು

ಕ್ಯಾಲಿಫೋರ್ನಿಯಾದ ನಡುಕಣಿವೆಯಲ್ಲಿ, ಫ್ರೆಸ್ನೋದಿಂದ ದಕ್ಷಿಣಕ್ಕೆ, 99ನೇ ಹೆದ್ದಾರಿಯ ಆಚೀಚೆ ಬಾದಾಮಿ ತೋಟಗಳ ನಡುವೆ ಇರುವ ಸಣ್ಣ ಊರುಗಳಲ್ಲಿ ಒಂದಕ್ಕೆ ನೀವು ಹೊಸದಾಗಿ ಬಂದಿದ್ದರೆ, ಇಲ್ಲಿ ಕನ್ನಡದವರು ಯಾರೂ ಇಲ್ಲವೆಂದೇ ಮೊದಮೊದಲು ಅನ್ನಿಸುತ್ತದೆ. ಇದ್ದಾರೆ. ಮೋಟೆಲಿನ ಹಿಂದಿನ ಕೋಣೆಯಲ್ಲಿ, ಪೆಟ್ರೋಲ್ ಬಂಕಿನ ರಾತ್ರಿ ಪಾಳಿಯಲ್ಲಿ, ಯಾರದೋ ಮನೆಯ ಅಡುಗೆಯಲ್ಲಿ ಇದ್ದಾರೆ. ಕೆಲಸ ಹೋದ ಮೇಲೆ ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ಸಿಗುವ ಹೆಚ್ಚೆಂದರೆ 60 ದಿನಗಳೊಳಗೆ ದಾರಿ ಕಾಣದೆ ಉಳಿದವರು, ಗಂಡನ ವೀಸಾದ ನೆರಳಿನಲ್ಲಿ ಬಂದು ಗಂಡನ ಮನೆಯಿಂದ ಹೊರಬಿದ್ದವರು, ಹೀಗೆ ಕಾಗದ ಕೈತಪ್ಪಿದವರೂ ಅವರಲ್ಲಿದ್ದಾರೆ. ಅಂಥವರನ್ನು ಊರಿನ ನೆರವಿಗೆ ತಲುಪಿಸುವುದು ಹೇಗೆಂದು ನಾನು ಕಲಿತದ್ದು ಬಹುಪಾಲು ತಪ್ಪು ಮಾಡಿಯೇ.

ಮೊದಲನೆಯ ತಪ್ಪು ನಡೆದದ್ದು ನಮ್ಮ ಮನೆಯ ಯುಗಾದಿ ಊಟದಲ್ಲಿ. ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ಮಗಳನ್ನು ಕರೆದುಕೊಂಡು ಬಂದಿದ್ದಳು. ಹೋಳಿಗೆ ಬಡಿಸುತ್ತ ಯಾವೂರು, ಯಾರ ಪೈಕಿ ಎಂಬ ನಮ್ಮ ಮಾಮೂಲಿ ವಿಚಾರಣೆ ಮುಗಿಸಿ, ಅದೇ ಉಸಿರಿನಲ್ಲಿ 'ವೀಸಾ ಯಾವುದು?' ಎಂದು ಕೇಳಿಬಿಟ್ಟೆ. 'ಏನೋ ನಡೀತಾ ಇದೆ ಸರ್' ಎಂದವಳು ಅರ್ಧ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಆಮೇಲೆ ಎಂಟು ತಿಂಗಳು ನಮ್ಮ ಫೋನು ಎತ್ತಲಿಲ್ಲ. ನನಗೆ ಅದು ಕುಶಲಪ್ರಶ್ನೆಯಾಗಿತ್ತು, ಅವಳಿಗೆ ತಪಾಸಣೆಯಾಗಿತ್ತು.

ಎರಡನೆಯದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಬಂಕಿನಲ್ಲಿ ದುಡಿಯುತ್ತಿದ್ದ ಹುಡುಗನಿಗೆ ಹಲ್ಲುನೋವು ಬಂದು, ಖರ್ಚಿಗೆ ಹಣ ಕೂಡಿಸೋಣವೆಂದು ನಾನು ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಹೆಸರು ಹಾಕಿರಲಿಲ್ಲ, 'ದಾವಣಗೆರೆಯ ಒಬ್ಬ ತಮ್ಮ, ಹೆದ್ದಾರಿಯ ಬಂಕಿನಲ್ಲಿ, ಕಾಗದದ ತೊಂದರೆಯಿದೆ' ಎಂದಷ್ಟೇ ಬರೆದಿದ್ದೆ. ಇಡೀ ತಾಲ್ಲೂಕಿನಷ್ಟು ಜಾಗಕ್ಕೆ ಇರುವುದು ಎರಡು ಬಂಕು. ಸಂಜೆಯೊಳಗೆ ಅವನಾರೆಂದು ಎಲ್ಲರಿಗೂ ತಿಳಿದಿತ್ತು. ಹಣ ಸೇರಿತು, ತೆಗೆದುಕೊಳ್ಳಲು ಅವನಿರಲಿಲ್ಲ. ಆದ್ದರಿಂದ ಒಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೂ ಹೇಳಬೇಡಿ.

ಮೂರನೆಯ ತಪ್ಪಿನ ಬೇರು ನಮ್ಮ ಊರಿನ ಅಭ್ಯಾಸದಲ್ಲಿಯೇ ಇದೆ. ಕೋರ್ಟಿನ ಮುಂದೆ ಕಪ್ಪು ಕೋಟು ತೊಟ್ಟು ಮೊಹರು ಒತ್ತುವ ನೋಟರಿ ನಮ್ಮಲ್ಲಿ ಸಾಮಾನ್ಯವಾಗಿ ವಕೀಲರೇ ಆಗಿರುತ್ತಾರೆ. ಇಲ್ಲಿನ ನೋಟರಿಯ ಮುಖ್ಯ ಕೆಲಸ ಸಹಿಯ ಸಾಚಾತನ ನೋಡುವುದು, ನೋಟರಿಯೆಂಬ ಕಾರಣಕ್ಕೆ ಕಾನೂನು ಸಲಹೆ ಕೊಡುವ ಅಧಿಕಾರವಿಲ್ಲ. ಅದು ತಿಳಿಯದೆ ನಾನೇ ಒಬ್ಬರನ್ನು ಅಂಥ ಅಂಗಡಿಗೆ ಕಳಿಸಿದೆ. ಕೂಡಿಟ್ಟ ಹಣ ಹೋಯಿತು, ಅವರಿಗೆ ಹೊಂದದ ಅರ್ಜಿಯೊಂದು ವಲಸೆ ಇಲಾಖೆಗೂ ಹೋಯಿತು. ಹೋಗಬೇಕಾದದ್ದು ವಲಸೆ ವಕೀಲರ ಬಳಿಗೆ, ಇಲ್ಲವೇ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಯ ಬಳಿಗೆ. ಫೆಡರಲ್ ಹಣದಿಂದ ನಡೆಯುವ ಕಾನೂನು ನೆರವು ಕಚೇರಿಗಳು, 1996ರ ನಿರ್ಬಂಧದಿಂದಾಗಿ, ದಾಖಲೆಯಿಲ್ಲದ ಹೆಚ್ಚಿನವರ ಮೊಕದ್ದಮೆ ಹಿಡಿಯುವಂತಿಲ್ಲ. ಮನೆಯ ಹಿಂಸೆಗೆ, ಮಾನವ ಸಾಗಣೆಗೆ ತುತ್ತಾದವರಿಗೆ ವಿನಾಯಿತಿಯುಂಟು. ಅಲ್ಲಿ 'ಆಗುವುದಿಲ್ಲ' ಎಂದರೆ ಸಪ್ಪೆಮುಖ ಮಾಡಿ ಹಿಂದಿರುಗದೆ, ಮತ್ತಾರ ಬಳಿ ಹೋಗಬೇಕೆಂದು ಕೇಳಿ ಬರೆಸಿಕೊಳ್ಳಿ.

ಕನ್ನಡ ಕೂಟ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿದೆ, ಮೂರು ಗಂಟೆಯ ದಾರಿ. ಹತ್ತಿರದಲ್ಲಿರುವುದು ಗುರುದ್ವಾರ. ಪಂಜಾಬಿಗಳು ಈ ಕಣಿವೆಗೆ ಬಂದು ನೂರು ವರ್ಷ ದಾಟಿದೆ, ಸ್ಟಾಕ್‌ಟನ್‌ನಲ್ಲಿ ಅವರು ಗುರುದ್ವಾರ ಸ್ಥಾಪಿಸಿಕೊಂಡದ್ದು 1912ರಲ್ಲಿ. ಲಂಗರಿನ, ಅಂದರೆ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಪುಕ್ಕಟೆ ಊಟದ, ಪಂಕ್ತಿಯಲ್ಲಿ ಕುಳಿತವರನ್ನು ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ದಾಸೋಹದ ಬಗ್ಗೆ ಭಾಷಣ ಮಾಡುವ ನಾವು ಅದನ್ನು ಕಂಡು ನಾಚಬೇಕಾದೀತು. ಹಾಸನದ ಆ ಹೆಣ್ಣುಮಗಳು ನನಗೆ ಮತ್ತೆ ಸಿಕ್ಕದ್ದೂ ಅಲ್ಲಿಯೇ, ರೊಟ್ಟಿ ಲಟ್ಟಿಸುವವರ ಸಾಲಿನಲ್ಲಿ. ಈ ಸಲ ನಾನು ಏನನ್ನೂ ಕೇಳದೆ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡೆ ಮಾಡಿದೆ. ಮೂರು ಭಾನುವಾರಗಳ ನಂತರ ಅವಳೇ ಬಾಯಿಬಿಟ್ಟಳು.

ಮಕ್ಕಳನ್ನು ಶಾಲೆಗೆ ಸೇರಿಸಲು ಹೆದರಬೇಡಿ: ಸರ್ಕಾರಿ ಶಾಲೆ ದಾಖಲೆಯಿಲ್ಲದ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 1982ರಲ್ಲಿಯೇ ಹೇಳಿದೆ, ಈ ರಾಜ್ಯದಲ್ಲಿ ಶಾಲೆಯ ಊಟವೂ ಪುಕ್ಕಟೆ. ಸಮುದಾಯ ಆರೋಗ್ಯ ಕೇಂದ್ರಗಳು ಆದಾಯ ನೋಡಿ ಶುಲ್ಕ ಇಳಿಸುತ್ತವೆ. ಕಡಿಮೆ ಆದಾಯದವರಿಗೆ ರಾಜ್ಯ ನಡೆಸುವ ಆರೋಗ್ಯ ವಿಮೆಯಾದ ಮೆಡಿ-ಕ್ಯಾಲ್ ಮಾತ್ರ 2026ರ ಜನವರಿಯಿಂದ ದಾಖಲೆಯಿಲ್ಲದ ವಯಸ್ಕರನ್ನು ಪೂರ್ಣ ಸೌಲಭ್ಯಕ್ಕೆ ಹೊಸದಾಗಿ ನೋಂದಾಯಿಸುವುದನ್ನು ನಿಲ್ಲಿಸಿದೆ. ಮಕ್ಕಳಿಗೂ ಗರ್ಭಿಣಿಯರಿಗೂ ಬಾಗಿಲು ತೆರೆದಿದೆ. ಆಸ್ಪತ್ರೆಯಲ್ಲಿ ದುಭಾಷಿ ಬೇಕೇ ಎಂದಾಗ 'ಹಿಂದಿಯಾದರೂ ನಡೆಯುತ್ತದೆ' ಎನ್ನುವ ಸಂಕೋಚ ಬಿಟ್ಟು, ಕನ್ನಡವೇ ಬೇಕೆಂದು ಹೇಳಿ. ವಲಸೆ ನ್ಯಾಯಾಲಯದಲ್ಲಂತೂ ಅರ್ಥವಾಗದ ಹಿಂದಿಯಲ್ಲಿ ಹೂಂಗುಟ್ಟುವುದು ಅಪಾಯ. ವಿಳಾಸ ಬದಲಾದರೆ ಅಲ್ಲಿಗೆ ಐದು ದಿನಗಳೊಳಗೆ ತಿಳಿಸಬೇಕು.

'ಇಷ್ಟು ಕಷ್ಟವೇಕೆ, ಊರಿಗೆ ಹೋಗಿಬಿಡಿ' ಎಂದು ಬುದ್ಧಿ ಹೇಳುವುದು ಸುಲಭ. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ದಾಟಿದವರಿಗೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಹಾಸನದ ಆ ಹೆಣ್ಣುಮಗಳ ಮಗಳು ಇಲ್ಲಿಯೇ ಹುಟ್ಟಿದವಳು. ತನ್ನ ತಂದೆ ಊರಿನಲ್ಲಿ ತೀರಿಕೊಂಡಾಗ ಆ ಹೆಣ್ಣುಮಗಳು ಹದಿಮೂರನೆಯ ದಿನದ ಕಾರ್ಯವನ್ನು ನಮ್ಮ ಅಡುಗೆಮನೆಯಲ್ಲಿ, ಬೇಳೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ನೋಡಿದಳು. ಅಣ್ಣ ಎಡೆ ಇಡುವಾಗ ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟಿತು. ಮಗಳು ಇಣುಕಿ, ಅಜ್ಜನ ಫೋಟೋಗೆ ಹೂವೇಕೆ ಹಾಕಿದ್ದಾರೆಂದು ಇಂಗ್ಲಿಷಿನಲ್ಲಿ ಕೇಳಿದಳು; ಉತ್ತರವನ್ನು ಕನ್ನಡದಲ್ಲಿ ಹೇಳಿದರೆ ಅವಳಿಗೆ ತಿಳಿಯುತ್ತಿರಲಿಲ್ಲ.

ಇನ್ನೊಂದು ಕೆಲಸವನ್ನು ತಡಮಾಡದೆ ಮಾಡಿ. ವಲಸೆ ಅಧಿಕಾರಿಗಳು ತಾಯಿಯನ್ನು ಹಿಡಿದೊಯ್ದರೆ ಫೋನು ಕಿತ್ತುಕೊಳ್ಳುತ್ತಾರೆ, ಆದ್ದರಿಂದ ಒಂದು ನಂಬರಾದರೂ ಬಾಯಿಪಾಠವಾಗಿರಲಿ. ಮಗುವನ್ನು ಶಾಲೆಯಿಂದ ಯಾರು ಕರೆತರಬೇಕೆಂಬುದು ಶಾಲೆಯ ತುರ್ತು ಚೀಟಿಯಲ್ಲಿರಲಿ. ಆ ಹೆಣ್ಣುಮಗಳ ಜೊತೆ ನಾನೂ ಶಾಲೆಗೆ ಹೋಗಿದ್ದೆ. ನನ್ನ ಹೆಸರು, ನಂಬರು ಬರೆದು, 'ಸಂಬಂಧ' ಎಂಬ ಖಾನೆಗೆ ಬಂದಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಯಾವೂರು, ಯಾರ ಪೈಕಿ ಎಂದು ಅವಳನ್ನು ವಿಚಾರಿಸಿದ್ದ ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವಳೇ 'ಸೋದರಮಾವ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು. ಗುಮಾಸ್ತೆ ಅದನ್ನು ಎರಡು ಸಲ ಓದಲು ನೋಡಿ, ಮೊಹರು ಒತ್ತಿ ಒಳಗಿಟ್ಟಳು.