ಧೂಳು ಹೊಡೀಬೇಡಿ, ಒರೆಸಿ

ನಮ್ಮ ಅಪಾರ್ಟ್‌ಮೆಂಟಲ್ಲಿ ಬೆಳಗ್ಗೆ ಯಾರ ಮನೆಗೆ ಹೋದ್ರೂ ಇದೇ ಕಥೆ, ಮೇಲೆ ಫ್ಯಾನು ಗಿರಗಿರ ತಿರುಗ್ತಿರುತ್ತೆ, ಕೆಳಗೆ ಪ್ಲಾಸ್ಟಿಕ್ ಪೊರಕೆಲಿ ಪಟಪಟ ಗುಡಿಸ್ತಿರ್ತಾರೆ, ಪಕ್ಕದಲ್ಲೇ ಅಂಬೆಗಾಲಿಡೋ ಕೂಸು. ನೋಡಿ ನೋಡಿ ಸಾಕಾಯ್ತು ನಂಗೆ. ತೆಪ್ಪಗೆ ಬಿದ್ದಿದ್ದ ಧೂಳನ್ನ ಎಬ್ಬಿಸಿ ಮಗು ಮೂಗಿಗೆ ಹಾಕೋದಕ್ಕೆ ಗುಡಿಸೋದು ಅಂತಾರೇನ್ರಮ್ಮ?

ಮುಂಚೆ ಧೂಳು ಅಂದ್ರೆ ಮಣ್ಣು, ಹತ್ತಿ ಎಳೆ, ಒಲೆ ಬೂದಿ. ಈಗ ಮಂಚದ ಕೆಳಗಿಂದ ಒಂದು ಉಂಡೆ ಧೂಳು ತೆಗೆದು ಬಿಸಿಲಿಗೆ ಹಿಡಿದು ನೋಡಿ, ಬೂದು ಬಣ್ಣದ ಮಧ್ಯೆ ಗುಲಾಬಿ, ನೀಲಿ ಎಳೆಗಳು ಮಿಣಮಿಣ ಅಂತ ಕಾಣ್ಸುತ್ವೆ, ಅವೆಲ್ಲ ನಿಮ್ಮ ಪಾಲಿಯೆಸ್ಟರ್ ಕರ್ಟನ್ನು, ಆ ಮೆತ್ತನೆ ಬ್ಲಾಂಕೆಟ್ಟು, ನೈಲಾನ್ ಕಾರ್ಪೆಟ್ಟು ಉದುರಿಸಿದ್ದು, ಪಾಲಿಯೆಸ್ಟರು ನೈಲಾನು ಅಂದ್ರೆ ಪ್ಲಾಸ್ಟಿಕ್ ನೂಲೇ. 5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರಿಗೆಲ್ಲ ಮೈಕ್ರೋಪ್ಲಾಸ್ಟಿಕ್ ಅಂತಾರೆ, ಕಣ್ಣಿಗೆ ಕಾಣದೇ ಇರೋವೇ ಜಾಸ್ತಿ. 2022ರಲ್ಲಿ ನೆದರ್ಲೆಂಡ್ಸ್‌ನವರು 22 ಜನರ ರಕ್ತ ಪರೀಕ್ಷೆ ಮಾಡಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ತು. 2024ರಲ್ಲಿ ಇಟಲಿ ಡಾಕ್ಟರುಗಳು ರೋಗಿಗಳ ಕತ್ತಿನ ರಕ್ತನಾಳದಲ್ಲಿ ಕಟ್ಕೊಂಡಿದ್ದ ಕೊಬ್ಬು ತೆಗೆದು ನೋಡಿದ್ರು, ಅದರಲ್ಲಿ ಪ್ಲಾಸ್ಟಿಕ್ ಇದ್ದೋರಿಗೆ ಆಮೇಲಿನ ಮೂರು ವರ್ಷದೊಳಗೆ ಹಾರ್ಟ್ ಅಟ್ಯಾಕು, ಸ್ಟ್ರೋಕು ಇಲ್ಲಾ ಸಾವಿನ ಅಪಾಯ ಇಲ್ಲದೋರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎರಡೂ ಒಟ್ಟಿಗೆ ಕಂಡಿದೆ ಅಷ್ಟೇ, ಪ್ಲಾಸ್ಟಿಕ್ಕೇ ಕಾರಣ ಅಂತ ಸಾಬೀತಾಗಿಲ್ಲ ಅಂತಾನೆ ನನ್ನ ಮಗ. ಸರಿಯಪ್ಪ, ಸಾಬೀತಾಗೋವರೆಗೂ ನಿನ್ನ ಕೂಸು ಅದನ್ನ ನೆಕ್ತಾ ಇರ್ಲಾ? ನೈಲಾನ್ ನೂಲಿನ ಪುಡಿ ಉಸಿರಾಡಿ ಕಾರ್ಖಾನೆ ಕೆಲಸದವರಿಗೆ ಶ್ವಾಸಕೋಶದ ಕಾಯಿಲೆ ಬಂದಿದ್ದು ಅಮೆರಿಕದಲ್ಲಿ 1990ರ ದಶಕದಲ್ಲೇ ಗೊತ್ತಾಗಿತ್ತು. ನಮ್ಮನೇಲಿ ಅಷ್ಟು ಪುಡಿ ಇರಲ್ಲ, ನಿಜ. ಆದ್ರೆ ನೆಲದ ಮೇಲೆ ಹರಿದಾಡೋದು, ಕೈ ಬಾಯಿಗೆ ಹಾಕೋದು ಮಗು ತಾನೆ, ನಾವಲ್ಲವಲ್ಲ.

ಈಗ ಒರೆಸೋ ಬಟ್ಟೆ ವಿಷಯ. ಅಂಗಡಿಯಿಂದ ಮೈಕ್ರೋಫೈಬರ್ ಬಟ್ಟೆ ತಂದು ಬೀಗ್ತೀರಲ್ಲ, ಅದೇ ಪಾಲಿಯೆಸ್ಟರು ನೈಲಾನು! ಹಳೇ ಹತ್ತಿ ಪಂಚೆ ಬೇಕು, ಒಗೆದು ಒಗೆದು ಗಂಜಿಯೆಲ್ಲ ಹೋಗಿ ಮೆತ್ತಗಾಗಿರ್ಬೇಕು, ಹೊಸದು ನೀರು ಹೀರಲ್ಲ. ಕೈಯಲ್ಲೇ ಹರ್ಕೊಳ್ಳಿ, ಅಂಚಲ್ಲಿ ಜೋತಾಡೋ ನೂಲು ಕಿತ್ಹಾಕಿ. ನೀರಲ್ಲಿ ಅದ್ದಿ ಒಂದು ಹನಿಯೂ ಬೀಳದಂಗೆ ಹಿಂಡಿ, ಬಾಲ್ಕನಿಲಿ ಒಂದ್ಸಲ ಕೊಡವಿ, ಕಾಫಿ ಕುಡಿಯೋ ಅಷ್ಟು ಹೊತ್ತು ಹರವಿ ಬಿಡಿ. ಕೆನ್ನೆಗೆ ಒತ್ಕೊಂಡು ನೋಡಿದ್ರೆ ತಣ್ಣಗಿರ್ಬೇಕು ಆದ್ರೆ ಕೆನ್ನೆ ಒದ್ದೆ ಆಗ್ಬಾರ್ದು, ಅದೇ ಹದ. ನೀರು ಜಾಸ್ತಿಯಾದ್ರೆ ಧೂಳು ರಾಡಿಯಾಗಿ ಗೋಡೆಗೆ ಮೆತ್ಕೊಳ್ಳುತ್ತೆ, ಒಣಗಿದ್ರೆ ಹಾರುತ್ತೆ. ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲು ಕೊಳೆಯಾದ್ರೆ ಮಡಿಕೆ ತಿರುಗಿಸಿ ಹೊಸ ಮಗ್ಗುಲು ತಗೊಳ್ಳಿ, ಕೊಳೆ ಮಗ್ಗುಲಲ್ಲೇ ಉಜ್ಜೋರನ್ನ ಕಂಡ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಬೆಳಗಿನ ಜಾವ, ಫ್ಯಾನ್ ಹಾಕೋಕೆ ಮುಂಚೆ, ಯಾರೂ ಓಡಾಡೋಕೆ ಮುಂಚೆ ಮಾಡ್ಬೇಕು, ರಾತ್ರಿಯೆಲ್ಲ ಧೂಳು ಕೆಳಗಿಳಿದು ಕೂತಿರುತ್ತೆ. ಮೊದಲು ಫ್ಯಾನ್ ರೆಕ್ಕೆ, ಆಮೇಲೆ ಬೀರು ತಲೆ, ಟಿವಿ ಹಿಂದೆ, ಕಿಟಕಿ, ಮಂಚ, ಕೊನೆಗೆ ನೆಲ. ಒಂದೇ ಕಡೆಗೆ ನಿಧಾನ ಎಳೀರಿ, ಹಿಂದೆ ಮುಂದೆ ಉಜ್ಜಬೇಡಿ. ಅಂಚಿಗೆ ಬತ್ತಿ ಹೊಸೆದಂಗೆ ಧೂಳು ಸುತ್ಕೊಂಡು ಬರುತ್ತಲ್ಲ, ಅದನ್ನ ಬೆರಳಲ್ಲಿ ತೆಗೆದು ಕಸದ ಡಬ್ಬಿಗೆ ಹಾಕಿ, ಆಮೇಲೆ ಬಟ್ಟೆ ಜಾಲಿಸಿ. ಮೊದಲೇ ನಲ್ಲಿ ಕೆಳಗೆ ಹಿಡಿದ್ರೆ ಎಲ್ಲಾ ಮೋರಿಗೆ ಹೋಗಿ ಕೆರೆ ಸೇರುತ್ತೆ.

ನಮ್ಮತ್ತೆಯೋರು ಮೈಸೂರಿನ ಮನೆಲಿ ಕೆಂಪು ರೆಡಾಕ್ಸೈಡ್ ನೆಲಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟೋಕೆ ಬಿಡ್ತಿರ್ಲಿಲ್ಲ. ಪೊರಕೆ ನೆಲ ಬಿಟ್ಟು ಮೇಲೆ ಎದ್ರೆ ಒಳಗಿಂದಲೇ, ನೋಡದೇನೇ, ಬರೀ ಸದ್ದಲ್ಲೇ ಗೊತ್ತಾಗಿ ಗದರೋರು. ಆಗ ಯಾಕಪ್ಪಾ ಇವರ ಕಾಟ ಅನ್ಸೋದು, ಈಗ ನಾನೂ ಹಂಗೇ ಗದರ್ತೀನಿ.

ಧೂಳಿನ ಮಾತಲ್ಲದಿದ್ರೂ ಇದನ್ನ ಹೇಳ್ಲೇಬೇಕು, ಕುದಿಯೋ ನೀರನ್ನ ನೇರ ಪ್ಲಾಸ್ಟಿಕ್ ಫೀಡಿಂಗ್ ಬಾಟ್ಲಿಗೆ ಸುರಿದು ಹಾಲು ಪುಡಿ ಹಾಕಿ ಕುಲುಕೋದನ್ನ ಬಿಡಿ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಬಾಟ್ಲಿಯಿಂದ ಲೀಟರಿಗೆ 1.6 ಕೋಟಿವರೆಗೂ ಚೂರು ಬರುತ್ತೆ, ನೀರು ಬಿಸಿಯಾದಷ್ಟೂ ಜಾಸ್ತಿ ಅಂತ 2020ರಲ್ಲಿ ಐರ್ಲೆಂಡ್‌ನವರು ಲೆಕ್ಕ ಹಾಕಿದ್ದಾರೆ. ಸ್ಟೀಲ್ ಪಾತ್ರೆಲಿ ಕಲಸಿ, ಆರಿಸಿ, ಆಮೇಲೆ ಬಾಟ್ಲಿಗೆ ಹಾಕಿ. ಬಿಸಿ ಹುಳಿ ಪ್ಲಾಸ್ಟಿಕ್ ಡಬ್ಬಿಗೆ ಹಾಕೋರಿಗೂ ಇದೇ ಮಾತು.

ಬ್ಲಾಂಕೆಟ್ ಕೊಡವೋದು ಬೆಡ್‌ರೂಮಲ್ಲಲ್ಲ, ಟೆರೇಸಲ್ಲಿ. ಕರ್ಟನ್ ಇಳಿಸುವಾಗ ಒಳಗಡೆಗೆ ಸುತ್ಕೊಂಡು ಇಳಿಸಿ, ಮುಂದಿನ ಸಲ ತಗೊಳ್ಳುವಾಗ ಹತ್ತಿದೇ ತಗೊಳ್ಳಿ, ಸ್ವಲ್ಪ ಬಣ್ಣ ಮಾಸುತ್ತೆ, ಮಾಸ್ಲಿ ಬಿಡಿ.