20 ಮೈಕ್ರೋಲೀಟರ್‌ನಿಂದ 5ಕ್ಕೆ

“ಬಾಟಲಿಯ ಮೇಲೆ 20 ಎಂದಿದ್ದರೆ 20 ಹಾಕಪ್ಪ, ಅದರಲ್ಲಿ ಕೈಯಾಡಿಸಬೇಡ.” ದಾವಣಗೆರೆಯ ಈ ಪ್ರಯೋಗಾಲಯಕ್ಕೆ ನಾನು ಸೇರಿದ ವರ್ಷ ಹಿರಿಯರೊಬ್ಬರು ಹೇಳಿದ ಮಾತು. ರಕ್ತದ ಕೋಶಗಳಿಗೆ ಬಣ್ಣ ಕಟ್ಟಿದ ಆಂಟಿಬಾಡಿ ಅಂಟಿಸಿ, ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಆ ಹೊಳಪು ನೋಡಿ ಯಾವ ಕೋಶ ಎಷ್ಟಿದೆ ಎಂದು ತಿಳಿಯುವ ಕೆಲಸ ನಮ್ಮದು. ಎರಡು ವರ್ಷ ಹಾಗೆಯೇ ಹಾಕಿದೆ. ಸಿಡಿ4 ಎಂಬ ಗುರುತಿಗೆ (ಸಿಡಿ ಸಂಖ್ಯೆಗಳೆಲ್ಲ ಕೋಶದ ಮೇಲ್ಮೈಯ ಗುರುತುಗಳ ಹೆಸರು) ಅಂಟುವ ಆಂಟಿಬಾಡಿಯ 2 ಮಿಲಿಲೀಟರ್ ಬಾಟಲಿಗೆ ಆಗ ಹತ್ತಿರ ಹತ್ತಿರ 35 ಸಾವಿರ ರೂಪಾಯಿ. ನೂರು ಟ್ಯೂಬ್‌ಗೆ ಖಾಲಿ. ಸಿಡಿ3, ಸಿಡಿ8, ಸಿಡಿ19, ಸಿಡಿ45 ಸೇರಿದರೆ ಒಂದು ಮಾದರಿಗೆ 1,700 ದಾಟುತ್ತಿತ್ತು. ನಮ್ಮ ಸಂಶೋಧನೆಯ ಹಣ ಅರ್ಧ ದಾರಿಯಲ್ಲೇ ಮುಗಿಯುವುದು ಖಚಿತವಾಗಿತ್ತು.

ಒಂದು ಶನಿವಾರ ನನ್ನದೇ ರಕ್ತ ತೆಗೆಸಿಕೊಂಡು ಐದು ಟ್ಯೂಬ್ ಇಟ್ಟೆ: 20, 10, 5, 2.5, 1.25. ಒಟ್ಟು ಪ್ರಮಾಣ ಎಲ್ಲದರಲ್ಲೂ ಸಮ. 20ರಲ್ಲಿ ಗುರುತು ಇರುವ ಪಾಸಿಟಿವ್ ಕೋಶಗಳ ಶಿಖರ ಗ್ರಾಫಿನಲ್ಲಿ ಚೆನ್ನಾಗಿಯೇ ಇತ್ತು, ಆದರೆ ಗುರುತು ಇಲ್ಲದ ನೆಗೆಟಿವ್ ಕೋಶಗಳೂ ಅಂಟು ಬಣ್ಣ ಹಿಡಿದು ಮೇಲೆದ್ದಿದ್ದವು. 5ರಲ್ಲಿ ಎರಡರ ನಡುವಿನ ಅಂತರ ಎಲ್ಲಕ್ಕಿಂತ ಹೆಚ್ಚು. 2.5ಕ್ಕೆ ಇಳಿದಾಗ ಸಿಡಿ4 ಮಸುಕಾಗಿರುವ, ಬಿಳಿ ರಕ್ತಕಣದ ಒಂದು ಬಗೆಯಾದ ಮಾನೋಸೈಟ್‌ಗಳು ನೆಗೆಟಿವ್ ಗುಂಪಿನೊಳಗೆ ಕರಗಿಹೋದವು. ಅಲ್ಲಿಗೆ 5 ಎಂದು ಗೆರೆ ಎಳೆದೆ. ಟ್ಯೂಬ್‌ಗೆ 350 ರೂಪಾಯಿ ಇದ್ದದ್ದು 90ರ ಆಸುಪಾಸಿಗೆ ಬಂತು.

ಆ ಸಂತೋಷ ಮೂರು ವಾರವೂ ಉಳಿಯಲಿಲ್ಲ. ಬಿಳಿ ರಕ್ತಕಣ ಮೈಕ್ರೋಲೀಟರಿಗೆ ಲಕ್ಷ ದಾಟಿದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮಾದರಿಯೊಂದು ಬಂತು. ಎಂದಿನಂತೆ 100 ಮೈಕ್ರೋಲೀಟರ್ ರಕ್ತ ಹಾಕಿದೆ. ಅಂದರೆ ಟ್ಯೂಬ್‌ನಲ್ಲಿ ಒಂದು ಕೋಟಿ ಕೋಶ. ಸಿಡಿ45 ಪ್ರತಿಯೊಂದು ಬಿಳಿ ಕಣದ ಮೇಲೂ ಇರುತ್ತದೆ, ಆಂಟಿಬಾಡಿ ಎಲ್ಲಕ್ಕೂ ಸಾಲಲಿಲ್ಲ, ಶಿಖರ ಇಡಿಯಾಗಿ ಎಡಕ್ಕೆ ಜಾರಿತು. ಸಿಡಿ45 ಮಸುಕಾಗಿರುವುದೇ ಬ್ಲಾಸ್ಟ್ ಎಂಬ ಬಲಿಯದ ಕೋಶದ ಲಕ್ಷಣ ಎನ್ನುವವರಿಗೆ ಇದರ ಅಪಾಯ ವಿವರಿಸಬೇಕಿಲ್ಲ. ಅದೃಷ್ಟಕ್ಕೆ ಅದು ಸಂಶೋಧನೆಯ ಟ್ಯೂಬ್. ರೋಗಿಯ ವರದಿಗೆ ಪೂರ್ಣ ಪ್ರಮಾಣದ ಟ್ಯೂಬ್ ಬೇರೆಯೇ ಇತ್ತು. ಅಂದಿನಿಂದ ಮೊದಲು ಕೋಶಗಳ ಲೆಕ್ಕ, ಆಮೇಲೆ ಪಿಪೆಟ್. ಟ್ಯೂಬ್‌ಗೆ ಐದಾರು ಲಕ್ಷ ಕೋಶ ಬರುವಂತೆ ರಕ್ತವನ್ನು ತೆಳುಗೊಳಿಸಿಕೊಂಡ ಮೇಲೆ ಈ ತೊಂದರೆ ಮತ್ತೆ ಬಂದಿಲ್ಲ.

ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು. ಸಿಡಿ3 ಟಿ ಕೋಶದ ಗುರುತು, ಸಿಡಿ19 ಬಿ ಕೋಶದ್ದು; ಟಿ ಕೋಶವೂ ಹೌದು, ಬಿ ಕೋಶವೂ ಹೌದು ಎನ್ನುವ ವಿಚಿತ್ರ ಗುಂಪೊಂದು ಪ್ರತಿ ಮಾದರಿಯಲ್ಲೂ ಕಾಣತೊಡಗಿತು. “ಕಡಿಮೆ ಹಾಕಿದರೆ ಹೀಗೇ ಆಗುವುದು” ಎಂದರು ಎಲ್ಲರೂ. ನಾನು ಒಪ್ಪಲಿಲ್ಲ. ಹಳೆಯ ಮತ್ತು ಹೊಸ ಬಾಟಲಿಯ ಸಿಡಿ3ಯನ್ನು ಒಂಟಿಯಾಗಿ ಹಾಕಿ ನೋಡಿದೆ. ಹೊಸದರಲ್ಲಿ ಪಿಇ-ಸಿವೈ7 ಎಂಬ ಎರಡು ಬಣ್ಣಗಳ ಜೋಡಿ ಮುರಿದು, ಪಿಇ ಬಣ್ಣ ಸಿಡಿ19 ಓದುವ ಜಾಗದಲ್ಲಿ ಸೋರುತ್ತಿತ್ತು. ಬೆಂಗಳೂರಿನಿಂದ ಬಂದ ಥರ್ಮೋಕೋಲ್ ಪೆಟ್ಟಿಗೆ ಇಡೀ ಮಧ್ಯಾಹ್ನ ಪಾರ್ಸೆಲ್ ಕೌಂಟರ್‌ನಲ್ಲಿ ಕೂತಿತ್ತು. ತೆರೆದಾಗ ಜೆಲ್ ಪ್ಯಾಕ್ ಕೈಗೆ ಬೆಚ್ಚಗೆ ತಾಗಿದ್ದು ಇನ್ನೂ ನೆನಪಿದೆ. 40 ಸಾವಿರ ನೀರುಪಾಲು. ಈಗ ಬೇಸಿಗೆಯಲ್ಲಿ ರಾತ್ರಿ ಬಸ್ಸಿಗೇ ಹಾಕಿಸುತ್ತೇನೆ, ಬೆಳಿಗ್ಗೆ ಐದಕ್ಕೆ ನಾನೇ ಹೋಗಿ ತರುತ್ತೇನೆ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಎಫ್‌ಸಿ ಬ್ಲಾಕ್ (ಆಂಟಿಬಾಡಿ ಬೇಡದ ಕಡೆ ಅಂಟದಂತೆ ತಡೆಯುವ ದ್ರವ) ಕೊಳ್ಳುವ ಬದಲು ಮನುಷ್ಯರ ಸೀರಮ್ ಹಾಕಿದೆ. ಮಾನೋಸೈಟ್‌ಗಳ ಅನಗತ್ಯ ಹೊಳಪು ಚೆನ್ನಾಗಿಯೇ ಇಳಿಯಿತು. ಪಶುವೈದ್ಯ ಗೆಳೆಯನೊಬ್ಬ ಹಸುವಿನ ರಕ್ತ ತಂದುಕೊಟ್ಟ. ನಮ್ಮ ಸಿಡಿ4 ಅದನ್ನು ಗುರುತಿಸಲೇ ಇಲ್ಲ, ಶಿಖರ ಶೂನ್ಯದಲ್ಲೇ ನಿಂತಿತು. ಆ ಸಂಜೆ ಬೆಣ್ಣೆ ದೋಸೆ ತಿನ್ನುತ್ತಾ ಮೇಕೆಯದನ್ನೂ ನೋಡೋಣವೆಂದ. ಅದು ಇನ್ನೂ ಬಾಕಿ ಇದೆ.

ಕೊನೆಗೆ ಸುಮಾರು 40 ಮಾದರಿಗಳನ್ನು ಎರಡೂ ಪ್ರಮಾಣದಲ್ಲಿ ಜೊತೆಜೊತೆಗೇ ಓಡಿಸಿದೆ. ಸಿಡಿ4 ಶೇಕಡಾವಾರು ಎರಡು ಮೂರು ಅಂಕಕ್ಕಿಂತ ಹೆಚ್ಚು ಬೇರೆಯಾಗಲಿಲ್ಲ. ಒಂದೇ ಒಂದು ತಪ್ಪಿತು, ಅದು ಮೂರು ದಿನ ಹಳೆಯ ರಕ್ತ. ಹಾಳೆಗಳನ್ನು ಆ ಹಿರಿಯರ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎಲ್ಲವನ್ನೂ ಓದಿ, “ನನಗೂ ಒಂದು ಪ್ರತಿ ಕೊಡು” ಎಂದರು. ಈಗ ಚಿತ್ರದುರ್ಗದಿಂದಲೂ ಫೋನ್ ಬರುತ್ತದೆ. ಐದು ಆಂಟಿಬಾಡಿಗಳನ್ನು ಮೊದಲೇ ಬೆರೆಸಿಡುವ ಕ್ರಮವನ್ನು ಮಾತ್ರ ನಾನು ಫೋನ್‌ನಲ್ಲೂ ಹೇಳುವುದಿಲ್ಲ, ಇಲ್ಲೂ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿದಿದೆ.

ಸಿಡಿ19 ಇನ್ನೂ 10ಕ್ಕಿಂತ ಕೆಳಗೆ ಇಳಿದಿಲ್ಲ. ಹೊಸ ಲಾಟ್ ನಿನ್ನೆ ಬಂದಿದೆ, ಸೋಮವಾರ ಮತ್ತೆ ಐದು ಟ್ಯೂಬ್ ಇಡುತ್ತೇನೆ.